ಏನೂ ಕೊಳ್ಳದ ರಟ್ಟಪ್ಪ

ಪುಸ್ತಕಗಳಿಗೆ ರಟ್ಟು ಕಟ್ಟಿ ಕಟ್ಟಿ ಹುಟ್ಟುಹೆಸರನ್ನೇ ಕಳೆದುಕೊಂಡಿದ್ದ ಬೈಂಡರ್ ರಟ್ಟಪ್ಪ ಐವತ್ತೆರಡನೆಯ ವಯಸ್ಸಿನಲ್ಲಿ ಸಾಮಾನುಗಳ ಮೇಲೆ ಯುದ್ಧ ಸಾರಿದ. ಒಂದು ಭಾನುವಾರ ಕತ್ತರಿ ಬೇಕೆಂದು ಅಡುಗೆಮನೆಯ ಖಾನೆ ಎಳೆದರೆ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಕೈ ತೂರಿಸಿ ಜಗ್ಗಿದಾಗ ನಾಲ್ಕು ಕತ್ತರಿಗಳೂ ಯಾವ ಬೀಗಕ್ಕೂ ಸೇರದ ಹದಿನಾಲ್ಕು ಬೀಗದ ಕೈಗಳೂ ಹೊರಬಿದ್ದವು. ಅಂದೇ ಶಾಸನ ಹೊರಟಿತು: ಊಟದ ಸಾಮಾನು, ಔಷಧಿ ಬಿಟ್ಟು ಆರು ತಿಂಗಳು ಈ ಮನೆಯೊಳಕ್ಕೆ ಹೊಸದೇನೂ ಕಾಲಿಡಕೂಡದು, ಹಳೆಯದೇನೂ ಕಸದ ಬುಟ್ಟಿಗೆ ಬೀಳಕೂಡದು.

ಸಾಮ್ರಾಜ್ಯದ ಪ್ರಜೆಗಳು ಇಬ್ಬರೇ. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಡತಿ ಮತ್ತು ಅವಳ ತಾಯಿ. ಸಾಬೂನಿನ ಚೂರುಗಳು ಒಂದಾಗಿ ಐದು ಬಣ್ಣದ ಉಂಡೆಯಾದವು. ಟೂತ್‌ಪೇಸ್ಟಿನ ಕೊಳವೆ ಉದ್ದಕ್ಕೆ ಸೀಳಿಸಿಕೊಂಡು ಇನ್ನೂ ಆರು ದಿನ ಸೇವೆ ಸಲ್ಲಿಸಿತು. ಹಳೆಯ ಟವೆಲನ್ನು ನಾಲ್ಕು ಹೋಳು ಮಾಡಿ ಒರೆಸುವ ಬಟ್ಟೆ ಮಾಡಿದ ದಿನ ಅತ್ತೆ ಹಾಸಿಗೆ ಸುತ್ತಿಕೊಂಡು ಮಗಳ ಬಳಿಗೆ ಬಂದರು.

“ಹಳೇದನ್ನೆಲ್ಲ ಕತ್ತರಿಸ್ತಾ ಇದಾನೆ ಕಣೇ. ಇವತ್ತು ನಾನು ನಿನ್ನ ಪಕ್ಕದಲ್ಲೇ ಮಲಗ್ತೀನಿ.”

ಆದರೂ ಸುಳ್ಳು ಹೇಳಬಾರದು, ಮನೆ ಹಗುರವಾಯಿತು. ದಿನವೂ ತುಂಬುತ್ತಿದ್ದ ಕಸದ ಬುಟ್ಟಿಗೆ ವಾರಕ್ಕೊಮ್ಮೆ ಹೊರಗೆ ಹೋದರೆ ಸಾಕಾಯಿತು. ಹೆಚ್ಚಿನ ಕತ್ತರಿ, ಬೀಗದ ಕೈಗಳು ಗುಜರಿಯವನ ಪಾಲಾಗಿ ಖಾನೆ ಒಂದೇ ಬೆರಳಿಗೆ ತೆರೆದುಕೊಂಡಿತು. ಹೆಂಡತಿ ಕೂಡ ಎರಡು ಸಲ ತೆರೆದು ಮುಚ್ಚಿ ನೋಡಿದಳು.

ಅಷ್ಟರಲ್ಲಿ ಅವಳ ಅಳತೆ ಪುಸ್ತಕ ತುಂಬಿತು. ಹೊಸದು ಕೊಳ್ಳುವಂತಿಲ್ಲ. ರಟ್ಟಪ್ಪ ಮನೆಯಲ್ಲಿ ಒಂದು ಮಗ್ಗುಲು ಖಾಲಿಯಿದ್ದ ಕಾಗದವನ್ನೆಲ್ಲ ಬಾಚಿಕೊಂಡು ತನ್ನ ಬೈಂಡಿಂಗ್ ಅಂಗಡಿಗೆ ಹೋಗಿ, ಅಚ್ಚಾದ ಮುಖಕ್ಕೆ ಅಚ್ಚಾದ ಮುಖ ಸೇರಿಸಿ ಅಂಟಿಸಿ, ಖಾಲಿ ಬೆನ್ನುಗಳೇ ಪುಟಗಳಾಗುವಂತೆ ಹೊಲಿದು ತಂದುಕೊಟ್ಟ. ಒಂದೊಂದರಲ್ಲೂ ಏನಿದೆಯೆಂದು ಓದಲಿಲ್ಲ. ಓದುತ್ತ ಕೂತ ಬೈಂಡರ್ ಉಪವಾಸ ಬೀಳುತ್ತಾನೆ. ಅವನಿಗೆ ಕಾಗದವೆಂದರೆ ದಪ್ಪ, ಮಡಿಕೆ, ಅಂಚು, ಇಷ್ಟೇ. ಒಂದು ಹಾಳೆಯಂತೂ ಎಷ್ಟು ದಪ್ಪವಾಗಿತ್ತೆಂದರೆ ಅವನು ಅದನ್ನು ಎರಡು ಸಲ ಸವರಿದ್ದ. ಹೆಂಡತಿ ಹತ್ತು ದಿನ ಅದರಲ್ಲಿ ಖುಷಿಯಿಂದ ಅಳತೆ ಬರೆದಳು.

ಹನ್ನೊಂದನೆಯ ದಿನ ಸಂಜೆ ಅವಳು ಮೇಜಿನ ಮೇಲೆ, ಕೆಳಗೆ, ಹಿಂದೆ ಎಲ್ಲ ಹುಡುಕಿದಳು. ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಬೆಳಿಗ್ಗೆ ಹತ್ತಕ್ಕೆ ಸಂದರ್ಶನ. ಮೂಲ ಪ್ರಮಾಣಪತ್ರ ತಾರದವರನ್ನು ಒಳಗೇ ಬಿಡುವುದಿಲ್ಲವೆಂದು ಪತ್ರದಲ್ಲಿ ದಪ್ಪಕ್ಷರದಲ್ಲಿತ್ತು.

“ರೀ, ಇಲ್ಲೇ ತೆಗೆದಿಟ್ಟಿದ್ದ ನನ್ನ ಸರ್ಟಿಫಿಕೇಟ್ ಎಲ್ಲಿ?”

“ಹೇಗಿತ್ತು?”

“ಸರ್ಟಿಫಿಕೇಟ್ ಥರಾನೇ ಇತ್ತು.”

“ಅದಲ್ಲ. ದಪ್ಪ ಎಷ್ಟಿತ್ತು?”

ಹೆಂಡತಿ ಅಳತೆ ಪುಸ್ತಕದ ಕಡೆ ತಿರುಗಿದಳು. ರಟ್ಟಪ್ಪ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಪುಟಗಳನ್ನು ಸವರುತ್ತ ಹೋಗಿ ಒಂದರ ಮೇಲೆ ನಿಂತ. ಔಷಧಿ ಅಂಗಡಿಯ ಹಳೆಯ ಜಾಹೀರಾತೊಂದನ್ನು ಅಪ್ಪಿಕೊಂಡು ಪ್ರಮಾಣಪತ್ರ ಅದರೊಳಗೆ ಮಲಗಿತ್ತು. ಅದರ ಬೆನ್ನ ಮೇಲೆ ಬೇಕರಿಯವಳ ಎದೆ, ಸೊಂಟ, ತೋಳು ಬರೆದಿತ್ತು.

“ಬಿಚ್ಚಿ.”

“ಬಿಚ್ಚೋಕೆ ಬರಲ್ಲ ಕಣೇ. ಮೂವತ್ತು ವರ್ಷದಲ್ಲಿ ನಾನು ಅಂಟಿಸಿದ್ದು ಒಂದೂ ಬಿಟ್ಟಿಲ್ಲ.”

“ಇಂಥ ಹೊತ್ತಲ್ಲೂ ಜಂಬ ನೋಡು,” ಎಂದರು ಅತ್ತೆ.

ಹೆಂಡತಿ ಕೂಗಾಡಲಿಲ್ಲ. “ಹದಿನೆಂಟು ವರ್ಷ ಈ ಮೂಲೇಲಿ ಕೂತು ಊರವರ ಜಿಪ್ಪು ಹಾಕಿದೀನಿ,” ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಳಿತಳು. ಕೂಗಾಡಿದ್ದರೇ ಚೆನ್ನಾಗಿತ್ತು.

ರಟ್ಟಪ್ಪ ಹೊಲಿಗೆಯ ದಾರ ಕತ್ತರಿಸಿ, ಹಾಳೆ ಬಿಡಿಸಿ, ಕುದಿಯುವ ಕೆಟಲಿನ ಹಬೆಗೆ ಹಿಡಿದ. ಕಾಗದ ಮಡಿಸುವ ಮೂಳೆಯ ಅಲಗು ತೆಗೆದುಕೊಂಡ, ಅಂಗಿಯ ತೋಳು ಮಡಚಿದ, ಘನಘೋರ ಕಾಳಗಕ್ಕೆ ಕಾಲೂರಿ ನಿಂತ. ಕಾಳಗ ಎರಡು ನಿಮಿಷ ನಡೆಯಿತು. ಬೆಂದ ಆಲೂಗೆಡ್ಡೆಯ ಸಿಪ್ಪೆಯಂತೆ ಜಾಹೀರಾತು ತಾನಾಗಿ ಕಳಚಿಕೊಂಡಿತು. ಪ್ರಮಾಣಪತ್ರ ಅಕ್ಷರ ಕದಡದೆ ಹೊರಬಂತು. ಹೆಂಡತಿಗೆ ಹೋದ ಜೀವ ಬಂದಂತಾಯಿತು. ಅತ್ತೆ ಮೊದಲ ಬಾರಿಗೆ ಅಳಿಯನನ್ನು ಹೊಗಳಿದರು. ರಟ್ಟಪ್ಪನ ಮುಖ ಮಾತ್ರ ಹರಳೆಣ್ಣೆ ಕುಡಿದಂತಾಗಿತ್ತು.

“ಇಷ್ಟು ಸುಲಭವಾಗಿ ಬಿಡಬಾರದಿತ್ತು.”

“ಬಿಟ್ಟಿತಲ್ಲ, ಇನ್ನೇನು ನಿಮ್ಮ ಸಂಕಟ?”

“ಮೈದಾ ಹಿಟ್ಟು ಉಳಿಯಲಿ ಅಂತ ಅಂಟಿಗೆ ಎರಡರಷ್ಟು ನೀರು ಹಾಕ್ತಾ ಇದ್ದೆ.”

“ಮನೆಯದಕ್ಕೆ ತಾನೇ?”

“ಅಂಗಡೀದಕ್ಕೂ.”

ಆ ಅಂಟು ಹಚ್ಚಿದ ಅರವತ್ತೊಂದು ಪುಸ್ತಕಗಳು ಆಗಲೇ ಗ್ರಂಥಾಲಯದ ಕಪಾಟು ಸೇರಿಯಾಗಿತ್ತು.

ಮರುದಿನ ಸಂದರ್ಶನದಲ್ಲಿ ಮೇಲ್ವಿಚಾರಕಿ ಪ್ರಮಾಣಪತ್ರ ತಿರುಗಿಸಿ ಬೇಕರಿಯವಳ ತೋಳಿನ ಅಳತೆ ಓದಿ, “ಇಷ್ಟು ಸಡಿಲ ಯಾಕೆ?” ಎಂದು ಕೇಳಿದಳಂತೆ. “ದಿನವಿಡೀ ಹಿಟ್ಟು ನಾದೋರು, ಮೇಡಂ. ಬಿಗಿ ಆದ್ರೆ ಕಂಕುಳಲ್ಲಿ ಹರಿಯುತ್ತೆ.” ಕೆಲಸ ಅಲ್ಲೇ ಸಿಕ್ಕಿತು.

ಅದೇ ಹೊತ್ತಿಗೆ ಗ್ರಂಥಾಲಯದಲ್ಲಿ ರಟ್ಟಪ್ಪ ಬಾಯಿ ತೆರೆಯುವ ಮೊದಲೇ ಗ್ರಂಥಪಾಲಕ ಒಂದು ಪುಸ್ತಕವನ್ನು ರಟ್ಟು ಹಿಡಿದು ಎತ್ತಿದ. ರಟ್ಟು ಮೇಲೆ ಬಂತು, ಪುಸ್ತಕ ಮೇಜಿನ ಮೇಲೇ ಉಳಿಯಿತು. ರಟ್ಟಪ್ಪ ಅರವತ್ತೊಂದನ್ನೂ ಕೈಗಾಡಿಯಲ್ಲಿ ಹೇರಿಕೊಂಡ. ಚೀಲ ಕೊಳ್ಳುವಂತಿಲ್ಲವಲ್ಲ, ಬರುವಾಗಲೇ ಡಬ್ಬ ತಂದಿದ್ದ. ದಾರಿಯಲ್ಲಿ ಗಾಡಿ ನಿಲ್ಲಿಸಿ, ದಿನಸಿ ಅಂಗಡಿಯಲ್ಲಿ ಡಬ್ಬ ಮುಂದೆ ಚಾಚಿ, “ಹಿಟ್ಟು, ಅಂಚಿನ ತನಕ,” ಎಂದ.