ಬದನಿಕೆ ಕೆರೆದ ಮಧ್ಯಾಹ್ನ

ಸೊರಟೂರಿನ ಸಕ್ರಪ್ಪ ನೆಟ್ಟಗೆ ಕುಳಿತದ್ದನ್ನು ಅವನ ಮಗಳು ಮಂಜುಳಾ ನೋಡಿದ್ದೇ ಕಡಿಮೆ. ಅವಳು ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಬರುತ್ತಿದ್ದ. ಮಗಳ ತಲೆ ಸವರಿದ್ದೇ ತಡ, ಕಿರುಗುಟ್ಟುವ ಗೇಟಿಗೆ ಎಣ್ಣೆ ಬಿಡುವುದು, ಸೋರುವ ನಳಕ್ಕೆ ದಾರ ಸುತ್ತುವುದು. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಗಿರುತ್ತಿತ್ತು. ವಾರ್ಡನ್ ಬಾಯಿಯವರು ಅವನನ್ನು ರಿಪೇರಿಯವನೆಂದೇ ತಿಳಿದು ಒಮ್ಮೆ ಫ್ಯಾನ್ ತೋರಿಸಿದ್ದರು. ಅವನು ಅದನ್ನೂ ಬಿಚ್ಚಿದ. ತಿರುಗಿ ಜೋಡಿಸಲು ಮಾತ್ರ ಬರಲಿಲ್ಲ.

ಈ ಗುಣವೇ ಅವನ ಎಡಗಣ್ಣನ್ನು ತಿಂದದ್ದು. ಪೊರೆ ತೆಗೆಸಿಕೊಂಡು ಮನೆಗೆ ಬಂದವನು, ಧೂಳಿಗೆ ಹೋಗಬೇಡ ಎಂದು ಡಾಕ್ಟರು ಹೇಳಿದ್ದರೂ, ಕಡಲೆ ರಾಶಿ ನಡೆದಿದೆಯೆಂದು ಕಣಕ್ಕೆ ಹೋಗಿ ನಿಂತ. ಹೊಟ್ಟು ಹಾರಿ ಕಣ್ಣಿಗೆ ಬಿತ್ತು. ಕೀವು ತುಂಬಿತು, ಬೆಳಕು ಹೋಯಿತು. ಈಗ ಉಳಿದ ಬಲಗಣ್ಣಿಗೂ ಪೊರೆ ಬಂದು ಗದಗಿನಲ್ಲಿ ಆಪರೇಷನ್ ಆಗಿತ್ತು. ಡಾಕ್ಟರು ಸರಿಯಾಯಿತೆನ್ನುವ ತನಕ ಅಪ್ಪ ಊರಿಗೆ ಹೋಗಕೂಡದು, ಬೆಟಗೇರಿಯ ತನ್ನ ಮನೆಯಲ್ಲೇ ಇರಬೇಕು ಎಂದು ಮಂಜುಳಾ ಹಟ ಹಿಡಿದಿದ್ದಳು. ಅವ್ವ ಸಾವಕ್ಕ ಎಮ್ಮೆ ಈದಿದೆಯೆಂದು ಊರಲ್ಲೇ ಉಳಿದಳು. ಗಂಡ ಫಕೀರೇಶ ಮುಂಡರಗಿಯ ಶಾಲೆಯಲ್ಲಿ ಮಾಸ್ತರ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಹೀಗಾಗಿ ಒಂದು ಕಡೆ ಈಗಷ್ಟೇ ನಡೆಯಲು ಕಲಿತ ಕೂಸು, ಇನ್ನೊಂದು ಕಡೆ ಅಪ್ಪ. ಇಬ್ಬರಲ್ಲಿ ಯಾರ ಹಿಂದೆ ಓಡುವುದೋ ಅವಳಿಗೆ ತಿಳಿಯುತ್ತಿರಲಿಲ್ಲ. ಹಿಟ್ಟು ನಾದುವಾಗ, ಕೂಸಿಗೆ ಎರೆಯುವಾಗ, ಅದೊಂದೇ ಮಾತು ಎದೆಗೆ ಬಂದು ಬಡಿಯುತ್ತಿತ್ತು: ಅಪ್ಪನ ಈ ಕಣ್ಣೂ ಹೋದರೆ?

ಹಿಂದಿನ ವರಾಂಡದಲ್ಲಿ ಅವಳ ಆರ್ಕಿಡ್ ಗಿಡಗಳಿದ್ದವು. ಬಾಣಂತನದಲ್ಲಿ ನಿದ್ದೆಗೆಟ್ಟು, ಕೂಸು ಉಸಿರಾಡುತ್ತದೋ ಇಲ್ಲವೋ ಎಂದು ಮೂಗಿಗೆ ಬೆರಳು ಹಿಡಿದು ಕೂತಿರುತ್ತಿದ್ದವಳಿಗೆ, ಚಿಂತೆ ಕಡಿಮೆಯಾಗಲಿ ಎಂದು ಗೆಳತಿಯೊಬ್ಬಳು ಒಂದು ಗಿಡ ಕೊಟ್ಟಿದ್ದಳು. ಇದ್ದ ಚಿಂತೆಗೆ ಗಿಡದ್ದೊಂದು ಸೇರಿತು, ಅಷ್ಟೆ. ಮಣ್ಣು ಬೇಡದ ಗಿಡವದು. ಜಾಲಿ ಕೊರಡಿನ ಒರಟು ತೊಗಟೆಗೆ ತುಸು ತೆಂಗಿನ ನಾರಿಟ್ಟು, ಅದರ ಮೇಲೆ ಗಿಡ ಕೂಡಿಸಿ, ಹಳೆಯ ಧೋತರದ ಪಟ್ಟಿಯಿಂದ ಬಿಗಿದು ಗೋಡೆಗೆ ತೂಗುಹಾಕಬೇಕು. ಕೆಲವನ್ನು ಇದ್ದಿಲು ತುಂಬಿದ ಕಟ್ಟಿಗೆಪಟ್ಟಿಯ ಬುಟ್ಟಿಯಲ್ಲಿಟ್ಟು ಮೇಲಿಂದ ಇಳಿಬಿಡಬೇಕು. ಬೇರು ಕಟ್ಟಿಗೆಯನ್ನು ಹಿಡಿಯುವ ತನಕ ಗಿಡ ಅಲುಗಬಾರದು; ಅಲುಗಿದರೆ ಎಳೆಬೇರಿನ ಹಸಿರು ತುದಿ ತಿಕ್ಕಿ ಸಾಯುತ್ತದೆ. ಅದನ್ನು ಗದಗಿನ ಗಾಳಿಗೆ ಹೇಳುವವರು ಯಾರು? ಗುಡ್ಡದ ಮೇಲಿನ ಗಾಳಿಯಂತ್ರದ ಫ್ಯಾನುಗಳನ್ನು ತಿರುಗಿಸಿ ಮಿಕ್ಕ ಗಾಳಿಯೆಲ್ಲ ಧೂಳು ಹೊತ್ತು ಅವಳ ವರಾಂಡಕ್ಕೇ ಬರುತ್ತಿತ್ತು. ಗೋಣಿತಟ್ಟು ತೋಯಿಸಿ ಪರದೆ ಕಟ್ಟಿದ್ದಳು. ಆದರೂ ಅಪ್ಪ ಮಾತ್ರ ಆ ಕಡೆ ಹೆಜ್ಜೆ ಇಡಕೂಡದೆಂದು ನಡುಬಾಗಿಲಿಗೆ ಚಿಲಕ ಹಾಕಿಬಿಡುತ್ತಿದ್ದಳು.

ಡಾಕ್ಟರ ಮುಂದೆ ಎಲ್ಲಕ್ಕೂ ಹೂಂಗುಟ್ಟಿದ್ದ ಸಕ್ರಪ್ಪ ಮನೆಗೆ ಬಂದ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಅಡ್ಡಾಡಿದ. ಈಳಿಗೆ ಮಸೆದ, ಚಾಕು ಮಸೆದ, ಮಂಚದ ಕಾಲು ಬಡಿದು ಗಟ್ಟಿ ಮಾಡಿದ. ತಲೆ ಬಗ್ಗಿಸಬ್ಯಾಡ ಅಂದಾರ ಎಂದು ಮಂಜುಳಾ ಬೈದಳು.

"ಬಗ್ಗಿಸದ ತಲಿ ಇಟಕೊಂಡು ಏನ ಮಾಡ್ಲಿ, ನಾನೇನು ಎಮ್ಮೆಲ್ಲೆ ಏನು?" ಎಂದ ಅವನು.

ಆ ದಿನ ಕೂಸಿಗೆ ಚುಚ್ಚುಮದ್ದು ಹಾಕಿಸಬೇಕಿತ್ತು. ಅಪ್ಪನನ್ನು ಮಂಚದ ಮೇಲೆ ಮಲಗಿಸಿ, ಎದ್ದರೆ ನನ್ನಾಣೆ ಎಂದು ಹೇಳಿ ಹೋದಳು. ಚಿಲಕ ಹಾಕಲು ಮರೆತಳು. ದವಾಖಾನೆಯ ಸಾಲಿನಲ್ಲಿ ನಿಂತಾಗ ಅದು ನೆನಪಾಗಿ, ಅಳುವ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಅರ್ಧ ಓಡುತ್ತಲೇ ಮನೆ ಸೇರಿದಳು.

ವರಾಂಡ ಗುಡಿಸಿ ಚೊಕ್ಕಟವಾಗಿತ್ತು. ಜಾಲಿ ಕೊರಡುಗಳು ಬೋಳಾಗಿ, ಉರುವಲಿನಂತೆ ಮೂಲೆಯಲ್ಲಿ ಒಪ್ಪವಾಗಿ ಒಟ್ಟಿದ್ದವು. ಅವುಗಳ ಮೇಲಿದ್ದ ಗಿಡಗಳೆಲ್ಲ ಹಳೆಯ ಪೇಪರಿನ ಮೇಲೆ ಗುಡ್ಡೆ ಬಿದ್ದಿದ್ದವು. ಮೊನ್ನೆಯಷ್ಟೇ ಹೊರಟಿದ್ದ ಒಂದೇ ಒಂದು ಹೂದಂಟು ನಡುವೆ ಮುರಿದಿತ್ತು. ಗಾಳಿಗೆ ಪರದೆ ಪಟಪಟ ಬಡಿಯುತ್ತಿತ್ತು. ಸಕ್ರಪ್ಪ ಕನ್ನಡಕ ತೆಗೆದಿಟ್ಟು, ಕುಕ್ಕರಗಾಲಿನಲ್ಲಿ ಕೂತು, ತಲೆ ಪೂರ ಬಗ್ಗಿಸಿ, ಕೊನೆಯ ಕೊರಡನ್ನು ಚಾಕುವಿನಿಂದ ಕೆರೆಯುತ್ತಿದ್ದ.

"ಬದನಿಕಿ ಹತ್ತಿತ್ತವ್ವಾ. ಒಣ ಕಟ್ಟಿಗಿನೂ ಬಿಟ್ಟಿಲ್ಲ ನೋಡು," ಎಂದ, ಮೆಚ್ಚುಗೆ ಬರುತ್ತದೆಂಬ ದನಿಯಲ್ಲಿ.

ಮಾವಿನ ಕೊಂಬೆಯೊಳಗೇ ಬೇರಿಳಿಸಿ, ಅದರ ರಸ ಹೀರಿ, ಕೊನೆಗೆ ಕೊಂಬೆಯನ್ನೇ ಒಣಗಿಸುವ ಪುಕ್ಕಟೆ ಗಿಡ ಬದನಿಕೆ. ಸೊರಟೂರಿನಲ್ಲಿ ಯಾರ ಗಿಡಕ್ಕೆ ಅದು ಹತ್ತಿದರೂ ಸಕ್ರಪ್ಪನಿಗೇ ಕರೆ. ಮರ ಏರಿ ಅದನ್ನು ಕೆರೆದು ಬರುವುದರಲ್ಲಿ ಅವನ ಆಯುಷ್ಯದ ಅರ್ಧ ಹೋಗಿತ್ತು. ಬುಟ್ಟಿಯಲ್ಲಿದ್ದವನ್ನು ಮಗಳು ನೆಟ್ಟ ಗಿಡವೆಂದು ತಿಳಿದು ಮುಟ್ಟಿರಲಿಲ್ಲ. ಕೊರಡಿಗೆ ಸುತ್ತಿದ ಪಟ್ಟಿ ಕಟ್ಟಿಗೆ ಸೀಳದಿರಲೆಂದು ಕಟ್ಟಿದ್ದು ಅಂದುಕೊಂಡಿದ್ದನಂತೆ.

ಮಂಜುಳಾ ಗಿಡಗಳನ್ನು ನೋಡಲಿಲ್ಲ. ಅಪ್ಪ ಮುಖ ಎತ್ತಿದ್ದ. ಬಲಗಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು.

"ಒಂದು ಕಣ್ಣು ಕಳಕೊಂಡಿದ್ದು ಸಾಲಲಿಲ್ಲೇನಪ್ಪಾ ನಿನಗ?"

ಅವನು ಚಾಕು ಕೆಳಗಿಟ್ಟ. ಗಿಡಗಳನ್ನು ತಾನೇ ಕಟ್ಟಿದ್ದೆಂದು ಅವಳು ಹೇಳಿದ ಮೇಲೆ ಎದ್ದು ಒಳಗೆ ಹೋದ. ಅವಳು ಡಾಕ್ಟರಿಗೆ ಫೋನ್ ಹಚ್ಚಿದಳು. ಔಷಧದ ಹನಿ ಬಿಡಿ, ಮುಂಜಾನೆ ಕರೆತನ್ನಿ, ಅಲ್ಲಿಯ ತನಕ ತಲೆ ಬಗ್ಗಿಸುವುದು, ಪ್ರಯಾಣ ಎರಡೂ ಬೇಡ ಎಂದರು ಅವರು. ಹನಿ ಬಿಟ್ಟು ಹೊರಳಿದರೆ ಸಕ್ರಪ್ಪ ಕೈಚೀಲಕ್ಕೆ ಧೋತರ ತುಂಬುತ್ತಿದ್ದ. ಸಂಜೆ ಬಸ್ಸಿಗೆ ಊರಿಗೆ ಹೋಗುತ್ತಾನಂತೆ. ಇಲ್ಲಿದ್ದು ಮಗಳ ಮನೆ ಹಾಳು ಮಾಡುವುದು ಸಾಕಂತೆ.

ಆ ಬಸ್ಸಿನ ಕಿಟಕಿ, ಆ ದಾರಿಯ ಧೂಳು, ಊರಲ್ಲಿ ಕಾದಿರುವ ಹೊಲದ ಕೆಲಸ, ಎಲ್ಲ ಒಮ್ಮೆಲೇ ಅವಳ ಕಣ್ಣ ಮುಂದೆ ಬಂದವು. ಬೇಡಿಕೊಂಡಳು. ಗಂಡ ಬರುವ ತನಕವಾದರೂ ನಿಲ್ಲೆಂದಳು. ಅವನು ಒಪ್ಪಲಿಲ್ಲ. ಚಪ್ಪಲಿ ಬಚ್ಚಿಟ್ಟಳು.

"ಬರಿಗಾಲಿಲೆ ಹೊಕ್ಕೀನಿ. ಹುಟ್ಟಿದಾಗ ಏನು ಮೆಟ್ಟಕೊಂಡು ಬಂದಿದ್ನೆ?"

ಅವಳಿಗೆ ಅಳು ಬರುವಂತಾಯಿತು, ಸಿಟ್ಟೂ ಬಂತು. ಒಂದು ಕೊರಡನ್ನು ತಂದು ಅವನ ಮುಂದೆ ಹಿಡಿದಳು.

"ಕೆರದಾಂವ ನೀನು. ಕಟ್ಟಿ ಹೋಗು. ನನಗ ಒಬ್ಬಾಕಿಗೆ ಆಗಂಗಿಲ್ಲ, ಕೂಸು ಬಿಡಂಗಿಲ್ಲ."

ಕೆಲಸವೆಂದ ಕೂಡಲೇ ಅವನ ಕೈ ತಾನಾಗಿ ಚಾಚಿತು. ಒಳಗೆ ಪಡಸಾಲೆಯಲ್ಲಿ, ಗಾಳಿ ಬಾರದ ಕಡೆ, ಬೆನ್ನನ್ನೂ ತಲೆಯನ್ನೂ ಗೋಡೆಗೆ ಆನಿಸಿ ಕೂಡಿಸಿದಳು. ಕೊರಡನ್ನು ಎದೆಮಟ್ಟಕ್ಕೆ ಹಿಡಿದು ಒಂದಿಷ್ಟೂ ಅಲುಗದೆ ಕೂಡುವುದು ಅವನ ಕೆಲಸ. ಹರಿದ ಬೇರುಗಳನ್ನು ಕತ್ತರಿಸಿ ತೆಗೆದು, ಉಳಿದವನ್ನು ತೊಗಟೆಯ ಮೇಲೆ ಬಿಡಿಸಿಟ್ಟು, ಪಟ್ಟಿ ಸುತ್ತುವುದು ಅವಳದು. ಒಂದೆರಡು ಗಿಡ ಪೂರ ಸತ್ತಂತಿದ್ದವು. ಅವನ್ನೂ ಕಟ್ಟಿದಳು.

"ಇದು ಕಟ್ಟಿಗಿ ತಿನ್ನಂಗಿಲ್ಲೇನು?" ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಇಲ್ಲಪ್ಪಾ, ಬರೇ ಹಿಡಕೋತೈತಿ."

"ಮತ್ತ ಏನು ತಿಂತೈತಿ?"

"ಗಾಳಿ, ನೀರು. ಅಷ್ಟ."

"ನಿಮ್ಮವ್ವನ ಸೋಮವಾರ ಇದ್ದಂಗ ಆತು," ಎಂದು ಅವನು ನಗಲು ಹೋದ. "ನಗಬ್ಯಾಡ, ಅಳ್ಳಾಡ್ತೈತಿ," ಎಂದು ಅವಳು ಗದರಿದಳು. ಕೂಸು ಅವನ ಕನ್ನಡಕ ಹಾಕಿಕೊಂಡು ಇಬ್ಬರ ನಡುವೆ ಎಡವುತ್ತ ಓಡಾಡಿತು. ಸಂಜೆ ಬಸ್ಸಿನ ಹೊತ್ತು ಮೀರಿದ್ದನ್ನು ಅವನು ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದನೋ.

ಆ ರಾತ್ರಿ ಅವಳು ಮಲಗಿದ್ದು ಹೆಸರಿಗೆ ಮಾತ್ರ. ಮುಂಜಾನೆ ಫಕೀರೇಶ ರಜೆ ಹಾಕಿ ಜೊತೆಗೆ ಬಂದ. ಡಾಕ್ಟರು ಯಂತ್ರದ ಮುಂದೆ ಕೂಡಿಸಿ ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ಯಾಕೆ ಬೇಕು ಎಂದು ಮಂಜುಳಾ ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆದಳು. ಆಪರೇಷನ್ನಿನ ಗಾಯ ಬಿಚ್ಚಿಲ್ಲ, ಬಚಾವು. ಆದರೆ ಬಾವು ಬಂದಿದೆ, ಇನ್ನೂ ಸುಮಾರು ದಿನ ಅಲುಗದೆ ಇರಬೇಕು, ಆಮೇಲೆಯೇ ಏನೆಂದು ಹೇಳುವುದು ಎಂದರು. ಸಕ್ರಪ್ಪ ಈ ಸಲ ಹೂಂಗುಟ್ಟಲಿಲ್ಲ. ಅಲುಗದೆ ಅಂದರೆ ಎಷ್ಟು ಅಲುಗದೆ, ಉಣ್ಣುವಾಗ ಹೇಗೆ, ಸೀನು ಬಂದರೆ ಏನು ಮಾಡಬೇಕು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡ.

ಮನೆಗೆ ಬಂದ ಮೇಲೆ ಸಾವಕ್ಕನ ಫೋನು ಬಂತು. ಎಮ್ಮೆ ಹಿಂಡಲು ಕೊಡುತ್ತಿಲ್ಲ, ಯಾವಾಗ ಬರುತ್ತೀಯೆಂದು ಕೇಳುತ್ತಿದ್ದಳು. ಮಂಜುಳಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಈಗ ಬರಾಕ ಆಗಂಗಿಲ್ಲ ಬಿಡು," ಎಂದ ಸಕ್ರಪ್ಪ, ತಲೆಯನ್ನು ಗೋಡೆಗೆ ಆನಿಸಿಯೇ. "ಇಲ್ಲಿ ಕೆಲಸ ಐತಿ."