ಚಾಪೆಯ ಮೇಲೆ ನಿಂತು ಅತ್ತ ತಂಗಿ

ಮಗುವನ್ನು ಅಳಿಸಿ ಚಪ್ಪಾಳೆ ತಟ್ಟುವುದು ಅನ್ಯಾಯ. ಅದು ನಮ್ಮ ಮನೆಯಲ್ಲೇ ನಡೆಯಿತು.

ಇವತ್ತು ಚಹಾದಂಗಡಿಯ ಟಿವಿಯಲ್ಲಿ ಆ ಹಳೆಯ ಕಪ್ಪು-ಬಿಳುಪು ಸಿನಿಮಾ ಬಂತು. ತಾಯಿಯ ಹೆಣದ ಮುಂದೆ ಪುಟ್ಟ ನಟಿ ಬಿಕ್ಕುತ್ತಿದ್ದಳು. ನಾವು ಚಿಕ್ಕವರಿದ್ದಾಗ ತಳೇಗಾಂವದ ನಮ್ಮ ಚಾಳಿನ ಮನೆಗೆ ಯಾರೇ ಬರಲಿ, ಅವ್ವ ಸೆರಗಿಗೆ ಕೈ ಒರೆಸಿಕೊಂಡು ತಂಗಿಯನ್ನು ಚಾಪೆಯ ಮೇಲೆ ನಿಲ್ಲಿಸುತ್ತಿದ್ದಳು. “ಆ ಸಿನಿಮಾದ ಹುಡುಗಿ ಹಂಗ ಅತ್ತು ತೋರ್ಸವಾ.” ತಂಗಿ ಅಳುತ್ತಿದ್ದಳು. ನಾವು ಚುರುಮುರಿ ತಿನ್ನುತ್ತ ಚಪ್ಪಾಳೆ ತಟ್ಟುತ್ತಿದ್ದೆವು.

ಅಜ್ಜಿ ತೀರಿಕೊಂಡ ದಿನ ತಂಗಿ ಹೆಣದ ಮೇಲೆ ಬಿದ್ದು ಅತ್ತಳು. “ಥೇಟ್ ಸಿನಿಮಾ ನೋಡ್ರಿ!” ಎಂದಳು ಅತ್ತೆ. ನಾನು ನಕ್ಕುಬಿಟ್ಟೆ. ತಂಗಿ ಕಣ್ಣೊರೆಸಿಕೊಂಡು ಎದ್ದಳು. ಮತ್ತೆಂದೂ ನಮ್ಮೆದುರು ಅಳಲಿಲ್ಲ.

ಈಗಷ್ಟೇ ತಂಗಿಗೆ ಫೋನ್ ಮಾಡಿ, ತಪ್ಪಾಯಿತು ಎಂದೆ. ಉಕ್ಕಿ ಬಂದ ಅಳುವನ್ನು ತಡೆದುಕೊಂಡು ಅವಳು ಅಂದಳು: “ಫೋನಿನ್ಯಾಗ ಬ್ಯಾಡಣ್ಣಾ, ಎದುರಿಗೆ ಬಾ. ಐತವಾರ ಮುಂಜಾನೆ ಹತ್ತಕ್ಕ, ನಮ್ಮೂರು ಶಿರೂರ ಬಸ್ ಸ್ಟ್ಯಾಂಡಿಗೆ.”