ಸತ್ತವಳ ತವರು

ನಮ್ಮ ಕಡೆ ಈಗ ಹೊರಗಿನಿಂದ ಸೊಸೆಯಂದಿರು ಬರುವುದು ಹೆಚ್ಚಾಗಿದೆ. ಇಲ್ಲಿ ಹೆಣ್ಣು ಸಿಗುವುದಿಲ್ಲ, ಸಿಕ್ಕಲ್ಲಿಂದ ತರುತ್ತಾರೆ. ನಮ್ಮ ಮನೆಗೆ ಬಂದವಳು ಎಲ್ಲರಿಗಿಂತ ದೂರದವಳು, ನೇಪಾಳದವಳು. ದೇಶವೇ ಬೇರೆ. ಅದಕ್ಕೇ ಔರಾದದ ಸಂತೆಯಲ್ಲಿ ಹೆಂಗಸರು ನನ್ನ ಸೆರಗು ಹಿಡಿದು ನಿಲ್ಲಿಸುತ್ತಾರೆ.

"ನಿಮ್ಮಾಕಿ ಹ್ಯಾಂಗ ಹೊಂದ್ಕೊಂಡಳ್ರೀ ಆಯಿ? ನಮ್ಮಾಕಿ ಬರೇ ಮೂಲಿ ಹಿಡದು ಅಳ್ತಾಳ."

"ಅಳ್ಲಿ ಬಿಡು. ನೀ ಯಾಕ ಅಳಸ್ತಿ, ಅದು ನೋಡ್ಕೋ."

ಕೆಲವರು ಸಿಟ್ಟಾಗಿ ಹೋಗುತ್ತಾರೆ. ನಿಂತವರಿಗೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಸಂತೆಯಲ್ಲಿ ನಿಂತು ಪೂರ್ತಿ ಹೇಳಲು ಆಗುವುದಿಲ್ಲ. ಆಕೆಯನ್ನು ಈ ನೆಲಕ್ಕೆ ಹೊಂದಿಸಲು ನಾವು ಒಂದು ಕೆಲಸ ಮಾಡಿದೆವು. ನಮ್ಮಲ್ಲಿ ಎಲ್ಲರೂ ಮಾಡುವಂಥದ್ದೇ. ಅದು ಎಷ್ಟು ಬರೋಬ್ಬರಿ ಹೊಂದಿತೆಂದರೆ ಆಕೆ ನಮ್ಮ ಕೈತಪ್ಪಿ ಹೋಗುವುದರಲ್ಲಿದ್ದಳು. ಅದನ್ನು ಬರೆಯುತ್ತೇನೆ.

ನಮ್ಮೂರು ಡಾಬಕಾ. ಕುರಿ ಇವೆ, ಒಂದಿಷ್ಟು ತೊಗರಿ, ಸೋಯಾ ಬೆಳೆಯುತ್ತೇವೆ. ನನ್ನ ಸಣ್ಣ ಮಗನ ಮೊದಲ ಹೆಂಡತಿ ಭಾಲ್ಕಿ ತಾಲೂಕಿನ ಮೆಹಕರದವಳು. ಮದುವೆಯಾದ ಎರಡನೇ ವರ್ಷ ಕಾಮಾಲೆ ಹತ್ತಿ ಸತ್ತಳು. ಮಕ್ಕಳಾಗಿರಲಿಲ್ಲ. ಮಗ ಮನೆಯಲ್ಲಿ ನಿಲ್ಲಲಾರದೆ ಗಲ್ಫಿಗೆ ಹೋದ, ಅಲ್ಲಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದ. ಅವನು ಇಸ್ತ್ರಿ ಮಾಡಿದ ಬಟ್ಟೆ ಮಡಚಿಡುವವಳು ಈಕೆ. ಇಬ್ಬರೂ ಮದುವೆ ಮಾಡಿಕೊಂಡು ತಿರುಗಿ ಬಂದರು. ಮಗ ಬೀದರದಲ್ಲಿ ಆಟೋ ಓಡಿಸಲು ಹತ್ತಿದ. ಅಲ್ಲಿ ಒಳ್ಳೆಯ ಕೋಣೆ ಸಿಗುವವರೆಗೆ ಈಕೆಯನ್ನು ನನ್ನ ಹತ್ತಿರ ಬಿಟ್ಟ.

ಆಕೆಗೆ ಹಿಂದಿ ಬರುತ್ತಿತ್ತು, ನನಗೆ ನಮ್ಮ ಕಡೆಯ ಉರ್ದು ಬರುತ್ತದೆ. ಕಲಿಸಲು ಅಷ್ಟು ಸಾಕಾಯಿತು. ಯಾರ ಮುಂದೆ ಏನು ಮಾತಾಡಿದರೂ ಕೊನೆಗೆ 'ರೀ' ಹಚ್ಚು, ಅರ್ಧ ತಪ್ಪು ಮಾಫ್ ಆಗುತ್ತದೆ. ಚಹಾಕ್ಕೆ ಕರೆದರೆ ಮೊದಲ ಸಲ ಬೇಡ ಅನ್ನು, ಎರಡನೇ ಸಲ ಕೂಡ್ರು, ಮೂರನೇ ಸಲ ಯಾರೂ ಕರೆಯುವುದಿಲ್ಲ. ದೀಪ ಹಚ್ಚಿದ ಮೇಲೆ ಯಾರ ಮನೆಗೂ ಉಪ್ಪು ಕೇಳಲು ಹೋಗಬೇಡ. ಬೀದರದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದವನದೇ ಸೀಟು, ಜಗಳ ತೆಗೆಯಬೇಡ, ನೀನೂ ಒಂದು ಟವೆಲ್ ಇಟ್ಟುಕೋ. ನಾಯಿ ಬೊಗಳಿದರೆ ಓಡಬೇಡ, ಬಗ್ಗಿ ಕಲ್ಲು ಹುಡುಕಿದ ಹಾಗೆ ಮಾಡು. ಈ ಕೊನೆಯದು ಆಕೆಗೆ ದಿನಾ ಬೇಕಾಗುತ್ತಿತ್ತು. ಆಕೆ ಹೊರಗೆ ಕಾಲಿಟ್ಟರೆ ಓಣಿಯ ನಾಯಿಗಳೆಲ್ಲ ಕೂಡಿ ಬೊಗಳುತ್ತಿದ್ದವು.

"ಅತ್ತಿ, ಇವು ಎಷ್ಟು ದಿನ ಹಿಂಗ ರೀ?"

"ನೀ ಹೊಸಬಳು ಅನ್ನೂದು ಮರೀತನಕ."

ಎಲ್ಲ ಕಲಿಸಿದೆ, ಒಂದು ಮಾತ್ರ ಕಲಿಸಿ ಕೊಡುವಂಥದ್ದಲ್ಲ. ತವರು. ನಮ್ಮ ಕಡೆ ಹೆಂಗಸಿಗೆ ತವರಿಲ್ಲದಿದ್ದರೆ ಬೆನ್ನಿಗೆ ಗೋಡೆ ಇಲ್ಲದ ಹಾಗೆ. ಹಬ್ಬಕ್ಕೆ ಹೋಗಲು ಊರಿಲ್ಲ, ಉಡಿ ತುಂಬುವವರಿಲ್ಲ. ಗಂಡನ ಜೊತೆ ಜಗಳವಾದರೆ ಚೀಲ ಹಿಡಿದು ಯಾವ ಬಸ್ಸು ಹತ್ತಬೇಕು? ಬಾವಿ ಕಟ್ಟೆಯ ಹೆಂಗಸರು ಅದನ್ನೇ ಹಿಡಿದುಕೊಂಡಿದ್ದರು. "ಯಾರ ಮಗಳವ್ವಾ ನೀ? ನಿಮ್ಮವ್ವ ಫೋನ್ಯಾಗರೇ ಅದಾಳಿಲ್ಲೋ?" ಎಂದು ನಗುತ್ತಿದ್ದರು. ಆಕೆಯ ತಾಯಿ ಸತ್ತು ಬಹಳ ವರ್ಷವಾಗಿತ್ತು.

ಆಗ ಮೆಹಕರದ ಬೀಗತಿ ಬಂದಳು. ಸತ್ತ ಸೊಸೆಯ ತಾಯಿ. ಯಾರೂ ಕರೆದಿರಲಿಲ್ಲ, ಪದ್ಧತಿ ಪ್ರಕಾರ ಬಂದಳು. ನಮ್ಮಲ್ಲಿ ಎರಡನೇ ಹೆಂಡತಿ ಬಂದರೆ ಮೊದಲನೆಯವಳ ಹೆಸರಿನ ಟಾಕು ಅವಳ ಕೊರಳಿಗೆ ಕಟ್ಟುತ್ತಾರೆ. ಟಾಕು ಎಂದರೆ ಬೆರಳಗಲದ ಬೆಳ್ಳಿ ತಗಡು, ಮೇಲೆ ಹೆಣ್ಣಿನ ರೂಪ ಉಬ್ಬಿಸಿರುತ್ತಾರೆ. ಹೊಸ ಸೀರೆಯನ್ನು ಮೊದಲು ಅದಕ್ಕೆ ಮುಟ್ಟಿಸಿ ಆಮೇಲೆ ಉಡಬೇಕು. ಹಾಗೆ ಕಟ್ಟಿಸಿಕೊಂಡವಳು ಸತ್ತವಳ ತಾಯಿಗೆ ಮಗಳು. ಆ ತವರೇ ಈಕೆಯ ತವರು.

ಬೀಗತಿ ಕರಿ ದಾರದಲ್ಲಿ ಟಾಕು ಪೋಣಿಸಿ ಕಟ್ಟಿದಳು. "ಈಗ ನೀ ನನ್ನ ಮಗಳು," ಎಂದು ಸತ್ತವಳ ಹೆಸರು ಹಿಡಿದು ಕರೆದಳು. ಈಕೆ "ಹೂಂ ರೀ" ಎಂದಳು. ಪರದೇಶದ ಹುಡುಗಿಗೆ ಒಂದು ತಾಯಿ ಸಿಕ್ಕಳು ಎಂದು ನಾನು ಸಂತೋಷಪಟ್ಟೆ.

ಮರುದಿನ ನಾಯಿ ಬೊಗಳಲಿಲ್ಲ.

ಆಕೆ ಓಣಿಯುದ್ದಕ್ಕೂ ನಡೆದುಹೋದಳು, ಅವು ತಲೆ ಎತ್ತಿ ನೋಡಿ ಮತ್ತೆ ಮಲಗಿದವು. ರೂಢಿಯಾಗಿರಬೇಕು ಎಂದುಕೊಂಡೆ. ನಾಯಿಗೂ ಬೇಸರ ಬರುತ್ತದೆ. ಆಮೇಲೆ ನೀರಿನ ಕೊಡದ ವಿಷಯ. ಸತ್ತವಳು ತುಂಬಿದ ಕೊಡ ಇಳಿಸುವಾಗ ಮೂಗಿನಲ್ಲಿ ಒಂದು ಸಣ್ಣ ಸದ್ದು ಮಾಡಿ ಉಸಿರು ಬಿಡುತ್ತಿದ್ದಳು. ನಾನು ಒಲೆಯ ಮುಂದೆ ಕೂತಾಗ ಬೆನ್ನ ಹಿಂದೆ ಆ ಸದ್ದು ಕೇಳಿತು. ಕೊಡ ಭಾರವಿದ್ದರೆ ಯಾರಾದರೂ ಉಸಿರು ಬಿಡುತ್ತಾರೆ ಎಂದುಕೊಂಡೆ. ಆದರೆ ತಿರುಗಿ ನೋಡಲು ಸ್ವಲ್ಪ ಹೊತ್ತು ಬೇಕಾಯಿತು. ಓಣಿಯ ಮುದುಕಿಯೊಬ್ಬಳು ಸತ್ತವಳ ಹೆಸರು ಕೂಗಿ, "ಮೆಹಕರದಾಗ ಎಲ್ಲಾರು ಆರಾಮ ಅದಾರೇನಬೇ?" ಎಂದು ಕೇಳಿದಳು. ಈಕೆ ನಿಂತು, "ಆರಾಮ ಅದಾರ್ರೀ," ಎಂದಳು. ಆಗಿನ್ನೂ ಈಕೆ ಮೆಹಕರ ನೋಡಿರಲಿಲ್ಲ.

ಬಾವಿ ಕಟ್ಟೆಯಲ್ಲಿ ಯಾರ ಮಗಳು ಎಂದು ಕೇಳುವುದು ನಿಂತುಹೋಯಿತು. ಅದು ಮಾತ್ರ ಒಳ್ಳೆಯದಾಯಿತು.

ಪಂಚಮಿಗೆ ಬೀಗತಿಯ ಮಗ ಬಂದು ಈಕೆಯನ್ನು ಕರೆದುಕೊಂಡು ಹೋದ. ಹಬ್ಬ ಮುಗಿದ ಮೇಲೆ ಕಳಿಸಬೇಕಿತ್ತು. ಕಳಿಸಲಿಲ್ಲ. ಶ್ರಾವಣ ಮುಗಿಯುತ್ತ ಬಂತು. ಫೋನ್ ಹಚ್ಚಿದೆ.

"ಅಲ್ಲಾ ಅತ್ತಿ, ಇಷ್ಟ್ಯಾಕ ಜಲ್ದಿ ಮಾಡ್ತೀ? ನಾ ನಮ್ಮವ್ವನ ಮನ್ಯಾಗ ಚಂದಾಗಿ ಅದೀನಿ," ಎಂದಿತು ಆ ಕಡೆಯ ದನಿ. ಒಂದು ಮಾತೂ ತೊದಲಲಿಲ್ಲ. ಮಾತಿಗೆ ಮೊದಲು "ಅಲ್ಲಾ ಅತ್ತಿ" ಅನ್ನುವುದು ಸತ್ತವಳ ರೂಢಿ. ಫೋನ್ ಕಿವಿಯಿಂದ ತೆಗೆದು ನಂಬರು ನೋಡಿದೆ. ನಂಬರು ಈಕೆಯದೇ.

ಮಗನನ್ನು ಕಳಿಸಿದೆ. ಅವನು ಆಟೋ ತಗೊಂಡು ಬೀದರದಿಂದ ಮೆಹಕರದವರೆಗೆ ಹೋಗಿ ಬರಿಗೈಯಲ್ಲಿ ಬಂದ.

"ಅವ್ವಾ, ನನಗ ಆಗಂಗಿಲ್ಲ. ಆಕಿ ಬಾಗಲದಾಗ ನಿಂತಿದ್ದಳು. ನನ್ನ ನೋಡಿ ನಕ್ಕಳು. ಇಕಿ ನಕ್ಕಂಗ ಅಲ್ಲ. ಆಕಿ ನಕ್ಕಂಗ."

"ಮಾತಾಡ್ಸಿ ನೋಡಬೇಕಿಲ್ಲೋ ಹುಚ್ಚಾ?"

"ಮಾತಾಡಿದ್ರ ಯಾವಾಕಿ ಮಾತಾಡ್ತಾಳೋ ಏನೋ."

ಗಂಡಸರು ಹೀಗೇ. ನಾನೇ ಚೀಲ ಹಿಡಿದು ಹೊರಟೆ. ಔರಾದಕ್ಕೆ ಹೋಗಿ ಭಾಲ್ಕಿ ಬಸ್ಸು, ಭಾಲ್ಕಿಯಿಂದ ಮೆಹಕರದ ಬಸ್ಸು. ಮೋಡ ಮುಚ್ಚಿದ ಮಧ್ಯಾಹ್ನ, ಮಳೆ ಇಲ್ಲ, ಗಾಳಿಯೂ ಇಲ್ಲ. ಹೊಲದಲ್ಲೆಲ್ಲ ಸೋಯಾ ಹಸಿರಾಗಿ ನಿಂತಿತ್ತು, ಒಂದು ಎಲೆ ಅಲುಗುತ್ತಿರಲಿಲ್ಲ.

ಬೀಗತಿಯ ಮಗ, ಸೊಸೆ ಹೊಲಕ್ಕೆ ಹೋಗಿದ್ದರು. ಬಾಗಿಲು ತೆರೆದಿತ್ತು. ಅಂಗಳದಲ್ಲಿ ಒಬ್ಬಳು ನನಗೆ ಬೆನ್ನು ಮಾಡಿ ಹೆಸರುಕಾಳು ಹಸನು ಮಾಡುತ್ತಿದ್ದಳು. ನನ್ನ ಸತ್ತ ಸೊಸೆ. ಅವಳ ನೀಲಿ ಸೀರೆ, ಅವಳು ಹಾಕುತ್ತಿದ್ದ ಓರೆ ತುರುಬು, ಮೊರವನ್ನು ಎಡಗಡೆಗೆ ಒಂದು ಸಲ ಜಾಸ್ತಿ ಕೇರುವುದು. ಆ ಹುಡುಗಿಯ ಹೆಣಕ್ಕೆ ನೀರು ಹಾಕಿದವಳು ನಾನು. ಆದರೂ ಹೆಸರು ಬಾಯಿಗೆ ಬಂದುಬಿಟ್ಟಿತ್ತು. ಹಲ್ಲು ಕಚ್ಚಿ ನಿಲ್ಲಿಸಿದೆ.

ಬೀಗತಿ ಒಳಗಿನಿಂದ ಬಟ್ಟಲು ಹಿಡಿದು ಬಂದಳು. ಮಜ್ಜಿಗೆಯಲ್ಲಿ ನೆಲನೆಲ್ಲಿಯ ರಸ. ನಮ್ಮಲ್ಲಿ ಅದನ್ನು ಕಾಮಾಲೆಗೆ ಕೊಡುತ್ತಾರೆ. ಹುಡುಗಿ ಮುಖ ಕಿವುಚಿ ಕುಡಿದಳು. ಬೀಗತಿ ಅವಳ ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ಬೆಳಕಿಗೆ ಹಿಡಿದಳು.

"ಇನ್ನಾ ಹಳದಿ ಅದ, ನೋಡ್ರಿ ಬೀಗತಿ."

ನೋಡಿದೆ. ಬೆಳ್ಳಗೇ ಇದ್ದವು. ಮತ್ತೊಮ್ಮೆ ನೋಡಿದೆ. ಆಗ ಅಷ್ಟು ಗಟ್ಟಿಯಾಗಿ ಹೇಳಲು ಬರುವಂತಿರಲಿಲ್ಲ.

"ಈಕಿಗಿ ಏನಾಗ್ಯಾದ? ಆರಾಮ ಅದಾಳ. ಕಳಸ್ರಿ, ಕರಕೊಂಡು ಹೋಗ್ತೇನಿ," ಎಂದೆ.

"ಹೋದ ಸಲ ನಿಮ್ಮ ಮನಿಗಿ ಕಳಿಸಿ ಕಳಕೊಂಡೆ. ಈ ಸಲ ಕಳಸಂಗಿಲ್ಲ."

"ಯಾವ ಹೋದ ಸಲ? ಹೋದಾಕಿ ಬ್ಯಾರೆ, ಈಕಿ ಬ್ಯಾರೆ. ಆಕಿನ್ನ ಮಣ್ಣು ಮಾಡೀವಿ. ನೀವೂ ಬಾಜೂಕ ನಿಂತಿದ್ರಿ."

"ನಿಂತಿದ್ದೆ. ಆದ್ರ ಬಂದಾಳಲ್ಲ."

ಬಹಳ ಶಾಂತವಾಗಿ ಹೇಳಿದಳು. ಊಟಕ್ಕೆ ಏನು ಮಾಡಲಿ ಎಂದು ಕೇಳಿದ ಹಾಗೆ.

ನಾನು ಕಟ್ಟೆಯ ಮೇಲೆ ಕೂತೆ. ಕುರಿಯವಳಾದ ನನಗೆ ಇದು ಗೊತ್ತಾಗಬೇಕಿತ್ತು. ಮರಿ ಸತ್ತ ಕುರಿ ಬೇರೆ ಮರಿಗೆ ಹಾಲು ಬಿಡುವುದಿಲ್ಲ, ಹಾಯುತ್ತದೆ. ಅದಕ್ಕೆ ಸತ್ತ ಮರಿಯ ತೊಗಲು ಸುಲಿದು ತಾಯಿಯಿಲ್ಲದ ಮರಿಗೆ ಹೊದಿಸಿ ಬಿಡುತ್ತೇವೆ. ತಾಯಿ ಮೂಸಿ ನೋಡುತ್ತದೆ, ತನ್ನದೇ ವಾಸನೆ, ಹಾಲು ಬಿಡುತ್ತದೆ. ಆದರೆ ಅದರ ಹಾಲು ಮರಿಯ ಮೈಗೆ ಹತ್ತಿದ ಕೂಡಲೇ ತೊಗಲು ತೆಗೆಯಬೇಕು. ತಡವಾದರೆ ಅದು ಕೊಳೆತು ಹುಳ ಬೀಳುತ್ತದೆ. ಆ ಹುಳಕ್ಕೆ ಸತ್ತದ್ದು ಯಾವುದು ಬದುಕಿದ್ದು ಯಾವುದು ಎಂದು ತಿಳಿಯುವುದಿಲ್ಲ. ಒಳಗಿನದನ್ನೂ ತಿನ್ನುತ್ತದೆ.

"ಏಳು, ಹೋಗಾಮು," ಎಂದೆ ಹುಡುಗಿಗೆ.

ಅವಳು ಕಾಳಿನಿಂದ ಕಣ್ಣೆತ್ತಲಿಲ್ಲ. "ಅಲ್ಲಾ ಅತ್ತಿ, ಇಲ್ಲಿ ಯಾರೂ ನೀ ಎಲ್ಲಿಯಾಕಿ ಅಂತ ಕೇಳಂಗಿಲ್ಲ. ನನಗ ಇದೇ ಚಲೋ ಅನಸ್ತದ."

ಅದು ಅವಳ ಸ್ವಂತ ಮಾತು ಎಂದು ನನಗೆ ಅನಿಸಿತು. ದನಿ ಬೇರೆಯವಳದು, ದುಃಖ ಅವಳದು. ಅಲ್ಲಿ ಗಲ್ಫಿನಲ್ಲಿ ಕೇಳಿದರು, ಇಲ್ಲಿ ಡಾಬಕಾದಲ್ಲಿ ಕೇಳಿದರು, ಸಾಕಾಗಿತ್ತು. ಒಬ್ಬರು ಉಟ್ಟು ಬಿಟ್ಟ ಬಾಳು ಸಿಕ್ಕಿತು, ಹೊಕ್ಕು ಕೂತಿದ್ದಳು.

"ಆಗಲಿ, ಇರು. ಒಂದು ಹೇಳು. ನಿಮ್ಮವ್ವ ನಿನ್ನ ಏನಂತ ಕರೀತಿದ್ದಳು?"

"ನಮ್ಮವ್ವ ಇಲ್ಲೇ ನಿಂತಾಳಲ್ಲ, ಕೇಳು."

"ಹಡದಾಕಿ. ಗುಡ್ಡದ ಮ್ಯಾಲಿನಾಕಿ."

ಬಾಯಿ ತೆರೆದಳು. ಏನೂ ಬರಲಿಲ್ಲ. ಮೊರ ನೆಲಕ್ಕಿಟ್ಟು ಮತ್ತೆ ಬಾಯಿ ತೆರೆದಳು. ಮುಖ ಬಿಳಿಚಿಕೊಂಡಿತು. ಮನೆಯೊಳಗೆ ಬಿಟ್ಟು ಬಂದ ಸಾಮಾನು ಹುಡುಕುವವರ ಹಾಗೆ ಕಣ್ಣು ಅತ್ತಿತ್ತ ಓಡಾಡಿದವು, ಕೈ ಕೊರಳ ಟಾಕಿಗೆ ಹೋಯಿತು. ಬೀಗತಿ ಸತ್ತವಳ ಹೆಸರು ಪಿಸುಗುಟ್ಟಿದಳು.

ನಾನು ಎದ್ದು ಹೋಗಿ ಅವಳ ಕೊರಳಿಗೆ ಕೈ ಹಾಕಿದೆ. ಗಂಟು ಬಿಗಿದಿತ್ತು, ಹಲ್ಲಿನಿಂದ ಕಡಿದೆ. ಟಾಕು ಮೈಯಿಂದ ಏಳುವಾಗ ಸ್ವಲ್ಪ ಅಂಟಿದ ಹಾಗೆ ಬಂತು. ಕೆಳಗೆ ಚರ್ಮದ ಮೇಲೆ ಹೆಣ್ಣಿನ ಅಚ್ಚು ಮೂಡಿತ್ತು, ಕೈ, ಕಾಲು, ತಲೆ ಎಲ್ಲ.

ಹುಡುಗಿ ದೀರ್ಘವಾಗಿ ಉಸಿರೆಳೆದಳು. ನೀರಿನಿಂದ ಮೇಲೆ ಬಂದವರು ಎಳೆಯುವ ಹಾಗೆ. ಆಮೇಲೆ ಒಂದು ಹೆಸರು ಹೇಳಿದಳು. ತನ್ನದು. ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ಹೇಳುತ್ತಲೇ ಒಳಗೆ ಓಡಿದಳು.

"ಕೊಡ್ರಿ ಅದು," ಎಂದು ಬೀಗತಿ ಟಾಕು ಕಸಿದುಕೊಂಡು ಮುಷ್ಟಿಯಲ್ಲಿ ಹಿಡಿದಳು. "ಈಕಿ ಹೋದ್ರ ಆಕೀನೂ ಹೋಗ್ತಾಳ. ನಿಮಗ ಗೊತ್ತಾಗಂಗಿಲ್ಲ. ನಿಮಗ ಬದುಕಿದ ಮಗ ಅದಾನ."

"ಆಕಿನ್ನ ನಿಮ್ಮ ದೇವರ ಗೂಡಿನಾಗ ಇಟ್ಕೋರಿ. ಅಲ್ಲಿ ಇರ್ತಾಳ. ಈಕಿ ಮ್ಯಾಲ ಬ್ಯಾಡ." ಬೇರೆ ಸಮಾಧಾನದ ಮಾತು ನನಗೆ ಬರಲಿಲ್ಲ. ಸುಳ್ಳು ಹೇಳಿ ಏನಾಗಬೇಕು.

ಹುಡುಗಿ ಹೊರಗೆ ಬಂದಳು. ಸೀರೆ ತೆಗೆದು ತಾನು ಗಲ್ಫಿನಿಂದ ಬರುವಾಗ ಹಾಕಿಕೊಂಡಿದ್ದ ಚೂಡಿದಾರ ಹಾಕಿದ್ದಳು. ತುರುಬು ಬಿಚ್ಚಿ ಜಡೆ ಹೆಣೆದಿದ್ದಳು. ಹೆಗಲಿಗೆ ಚೀಲ. ಬೀಗತಿಯ ಮುಂದೆ ಹಾದು ಹೊಸ್ತಿಲು ದಾಟಿ ಹೊರಗೆ ನಿಂತು, ಚಪ್ಪಲಿ ಹಾಕಿಕೊಂಡು, ತಿರುಗಿ ಕೈ ಮುಗಿದಳು.

ಬೀಗತಿ ಅವಳನ್ನು ನೋಡಿದಳು. ತಿಂಗಳು ದಿನ ತಲೆ ಬಾಚಿ, ಉಣಿಸಿ, ಕಣ್ಣ ರೆಪ್ಪೆ ಜಗ್ಗಿ ನೋಡಿದ ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರವ್ವಾ ನೀ?" ಎಂದಳು.

ಸಿಟ್ಟಿನಿಂದ ಕೇಳಿದ್ದಲ್ಲ. ನನಗೆ ಅವಳು ಬಹಳ ವರ್ಷದಿಂದ ಗೊತ್ತು. ನಿಜವಾಗಿ ಗುರುತು ಸಿಕ್ಕಿರಲಿಲ್ಲ. ಹುಡುಗಿ ನನ್ನ ಕಡೆ ನೋಡಿದಳು. ಇದಕ್ಕೆ ಉತ್ತರ ನಾನು ಕೊಡುವಂಥದ್ದಲ್ಲ.

ಅವಳು ತನ್ನ ಹೆಸರು ಹೇಳಿದಳು. "ನೇಪಾಳದಾಕಿ ರೀ. ಡಾಬಕಾಕ್ಕ ಸೊಸಿ ಆಗಿ ಬಂದೀನಿ. ನಮ್ಮವ್ವ ಇಲ್ಲ ರೀ." ಮಾತು ಮತ್ತೆ ಮೊದಲಿನ ಹಾಗೆ ತಡವರಿಸುತ್ತಿತ್ತು.

ಬೀಗತಿ ಟಾಕಿನ ಮುಷ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಭಾಳ ದೂರದಿಂದ ಬಂದೀದಿ ಅಂದಂಗಾತು," ಎಂದಳು. "ಹೊರಗ ಯಾಕ ನಿಂತಿ? ಒಳಗ ಬಾ. ಎರಡು ರೊಟ್ಟಿ ಉಂಡು ಹೋಗು."

ಹುಡುಗಿ ಚಪ್ಪಲಿ ಕಳೆದು ಮತ್ತೆ ಒಳಗೆ ಹೋದಳು. ಉಂಡೆವು. ಕೊನೆಯ ಬಸ್ಸಿಗೆ ಹೊರಟೆವು. ಹೊರಡುವಾಗ ಬೀಗತಿ ಉಡಿ ತುಂಬಿದಳು, ಯಾರ ಹೆಸರೂ ಹಿಡಿಯಲಿಲ್ಲ.

ಈಗ ಅವರಿಗೆ ಬೀದರದಲ್ಲಿ ಕೋಣೆ ಸಿಕ್ಕಿದೆ. ಹಬ್ಬಕ್ಕೆ, ಗಂಡನ ಮೇಲೆ ಸಿಟ್ಟು ಬಂದಾಗ, ಅವಳು ಮೆಹಕರದ ಬಸ್ಸು ಹತ್ತುತ್ತಾಳೆ. ಹೋದಾಗಲೆಲ್ಲ ಬೀಗತಿ ಬಾಗಿಲಲ್ಲಿ ನಿಂತು, "ಯಾರವ್ವಾ ನೀ?" ಎಂದು ಕೇಳುತ್ತಾಳಂತೆ. ಗುರುತಿದ್ದು ಕೇಳುತ್ತಾಳೋ ಇಲ್ಲದೆ ಕೇಳುತ್ತಾಳೋ ನಾನು ವಿಚಾರಿಸಲು ಹೋಗಿಲ್ಲ. ಸೊಸೆ ಹೊಸ್ತಿಲ ಹೊರಗೆ ನಿಂತು ಪ್ರತಿ ಸಲ ಹೆಸರು, ಊರು ಹೇಳುತ್ತಾಳೆ. ಪೂರ್ತಿ ಹೇಳಿ ಮುಗಿಸಿದ ಮೇಲೇ ಒಳಗೆ ಕಾಲಿಡುತ್ತಾಳೆ.